ಬಿಎಂಡಬ್ಲ್ಯು ಎಂ5 ಟೂರಿಂಗ್: ಎರಡೂವರೆ ಟನ್ ತೂಕದ ವ್ಯಾಗನ್ ಬೆಂಗಳೂರಿಗೆ ಹೊಂದುತ್ತದೆಯೇ?

ಬಿಎಂಡಬ್ಲ್ಯು 5 ಸರಣಿಯ ಅತಿ ವೇಗದ ರೂಪ ಎಂ5. ಅದರ ವ್ಯಾಗನ್, ಅಂದರೆ ಚಾವಣಿ ಹಿಂದಿನ ತನಕ ಚಾಚಿ ಡಿಕ್ಕಿ ದೊಡ್ಡದಾದ ರೂಪ, ಟೂರಿಂಗ್. ಹೊಸ ಎಂ5 ಟೂರಿಂಗ್ ಮಾತು ಬಂದರೆ ಕಾರು ಬಲ್ಲವರೆಲ್ಲ ಮೊದಲು ಎತ್ತುವುದು ಅದರ ತೂಕವನ್ನು. ಖಾಲಿ ಕಾರೇ 2,475 ಕೆಜಿ. 727 ಪಿಎಸ್ (ಅಶ್ವಶಕ್ತಿ) ಇದ್ದರೇನು, ಇಷ್ಟು ಭಾರ ಹೊತ್ತ ಗಾಡಿಗೆ ಎಂ5 ಅನ್ನೋ ಹೆಸರು ಒಪ್ಪುತ್ತದೆಯೇ ಎಂಬುದು ಅವರ ತಕರಾರು. ತಕರಾರಿನಲ್ಲಿ ಹುರುಳಿದೆ. 2024ರಲ್ಲಿ ಭಾರತಕ್ಕೆ ಬಂದದ್ದು ಎಂ5 ಸೆಡಾನ್ ಮಾತ್ರ. ಆದರೆ ಟೂರಿಂಗ್ ಇಲ್ಲಿಗೆ ಬಂದರೆ ಹೇಗೆ ಎಂದು ಬೆಂಗಳೂರಿನಲ್ಲಿ ನಿಂತು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಆ ತೂಕ ಎಲ್ಲಿಂದ ಬಂತು, ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ಬಿಡಿಸಿ ನೋಡಿದರೆ ಈ ಕಾರಿನ ಗುಣ ದೋಷ ಎರಡೂ ತಾನಾಗಿ ಹೊರಗೆ ಬರುತ್ತವೆ.

ಮೊದಲು ಒಂದು ತಪ್ಪು ತಿಳಿವಳಿಕೆ ದೂರವಾಗಬೇಕು. ಭಾರವಾಗಿರುವುದಕ್ಕೆ ವ್ಯಾಗನ್ ಆಕಾರ ಕಾರಣವಲ್ಲ. ಇದೇ ಪೀಳಿಗೆಯ ಎಂ5 ಸೆಡಾನ್ 2,435 ಕೆಜಿ ಇದೆ. ಅಂದರೆ ಹಿಂದಿನ ಗಾಜು, ಉದ್ದದ ಚಾವಣಿ, ದೊಡ್ಡ ಡಿಕ್ಕಿ ಬಾಗಿಲು ಎಲ್ಲ ಸೇರಿ ಹೆಚ್ಚಾದದ್ದು 40 ಕೆಜಿ ಮಾತ್ರ. ನಿಂತಲ್ಲಿಂದ ಗಂಟೆಗೆ 100 ಕಿಮೀ ವೇಗ ಮುಟ್ಟುವ ಓಟದಲ್ಲಿ ಸೆಡಾನ್‌ಗೆ 3.5 ಸೆಕೆಂಡ್ ಸಾಕಾದರೆ ಟೂರಿಂಗ್‌ಗೆ 3.6 ಬೇಕು. ಸಾಮಾನು ತುಂಬುವ ಅನುಕೂಲಕ್ಕೆ ತೆರುವ ಬೆಲೆ ಸೆಕೆಂಡಿನ ಹತ್ತನೇ ಒಂದು ಭಾಗ. ನಿಜವಾದ ಭಾರ ಕೂತಿರುವುದು ನೆಲದಡಿಯ ಬ್ಯಾಟರಿ ಮತ್ತು ಅದರ ಸುತ್ತಮುತ್ತಲ ಹೈಬ್ರಿಡ್ (ಎಂಜಿನ್ ಜೊತೆಗೆ ವಿದ್ಯುತ್ ಮೋಟಾರ್) ವ್ಯವಸ್ಥೆಯಲ್ಲಿ.

ಎಂಜಿನ್ ವಿಚಾರ ಇಷ್ಟು. ಮುಂದೆ 4.4 ಲೀಟರ್‌ನ ಅವಳಿ ಟರ್ಬೊ ವಿ8 (ಎಂಟು ಸಿಲಿಂಡರ್) ಪೆಟ್ರೋಲ್ ಎಂಜಿನ್, ತಾನೊಂದೇ 585 ಪಿಎಸ್ ಶಕ್ತಿ, 750 ನ್ಯೂಟನ್ ಮೀಟರ್ ತಿರುಗುಬಲ ಕೊಡುತ್ತದೆ. ಅದರ ಬೆನ್ನಿಗೆ ಎಂಟು ಗೇರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆ ಗೇರ್‌ಬಾಕ್ಸ್‌ನ ಒಳಗೇ 197 ಪಿಎಸ್‌ನ ವಿದ್ಯುತ್ ಮೋಟಾರ್ ಕೂಡಿಸಿದ್ದಾರೆ. ಎರಡೂ ಸೇರಿ 727 ಪಿಎಸ್, 1,000 ನ್ಯೂಟನ್ ಮೀಟರ್. ಮೋಟಾರ್ ಗೇರ್‌ಬಾಕ್ಸ್ ಒಳಗಿರುವುದರಿಂದ ಒಂದು ಲಾಭವಿದೆ: ಅದರ ಶಕ್ತಿಯೂ ಗೇರ್‌ಗಳ ಮೂಲಕವೇ ನಾಲ್ಕೂ ಚಕ್ರಕ್ಕೆ ಹೋಗುತ್ತದೆ. ಕೆಲವು ಹೈಬ್ರಿಡ್‌ಗಳಲ್ಲಿ ವಿದ್ಯುತ್ತಿನಲ್ಲಿ ಓಡುವಾಗ ಎರಡೇ ಚಕ್ರ ಎಳೆಯುತ್ತವೆ, ಮಳೆಯಲ್ಲಿ ತೇವದ ಏರು ಹತ್ತುವಾಗ ಜಾರುತ್ತವೆ. ಇಲ್ಲಿ ಆ ತೊಂದರೆ ಇಲ್ಲ.

ಇನ್ನು ವೇಗದ ಲೆಕ್ಕ. ಹಿಂದಿನ ಪೀಳಿಗೆಯ ಎಂ5 ಕಾಂಪಿಟಿಷನ್ 625 ಪಿಎಸ್‌ನಲ್ಲೇ 3.3 ಸೆಕೆಂಡಿಗೆ 100 ಮುಟ್ಟುತ್ತಿತ್ತು. ಎದುರಾಳಿ ಆಡಿ ಆರ್‌ಎಸ್6 ಅವಾಂಟ್ ಪರ್ಫಾರ್ಮೆನ್ಸ್‌ಗೆ 630 ಪಿಎಸ್, 3.4 ಸೆಕೆಂಡ್. ಆಡಿ ಹತ್ತಿರ ಹತ್ತಿರ 400 ಕೆಜಿ ಹಗುರ. ಪ್ರತಿ ಟನ್‌ಗೆ ಎಷ್ಟು ಪಿಎಸ್ ಎಂದು ಭಾಗಿಸಿದರೆ ಎರಡೂ 300ರ ಆಸುಪಾಸಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಸುಮಾರು ನೂರು ಪಿಎಸ್ ಹೆಚ್ಚಿದ್ದರೂ ಎಂ5 ಮುಂದೆ ಓಡುವುದಿಲ್ಲ. ಬರೀ ಓಟವೇ ಮುಖ್ಯ ಎನ್ನುವವರಿಗೆ ಆಡಿಯೇ ಸರಿ, ಇದರಲ್ಲಿ ಎರಡು ಮಾತಿಲ್ಲ. ಎಂ5 ಗೆಲ್ಲುವ ಜಾಗ ಬೇರೆ, ಅದಕ್ಕೆ ಮುಂದೆ ಬರೋಣ. 200 ಮುಟ್ಟಲು 11.1 ಸೆಕೆಂಡ್, ಗರಿಷ್ಠ ವೇಗ 250, ಎಂ ಡ್ರೈವರ್ಸ್ ಪ್ಯಾಕೇಜ್ ತೆಗೆದುಕೊಂಡರೆ 305 ಎಂದು ಕಂಪನಿ ಹೇಳುತ್ತದೆ. ಆ ಪ್ಯಾಕೇಜಿಗೆ ಕರ್ನಾಟಕದಲ್ಲಿ ದುಡ್ಡು ಹಾಕುವುದು ವ್ಯರ್ಥ. ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಕಾರಿನ ಮಿತಿ 100, ಕ್ಯಾಮೆರಾ ಸಾಲಾಗಿವೆ. 130 ದಾಟಿದರೆ ಎಫ್‌ಐಆರ್ ಎಂದು ರಾಜ್ಯ ಪೊಲೀಸರು 2024ರ ಆಗಸ್ಟ್‌ನಿಂದ ಜಾರಿ ಮಾಡಿದ್ದಾರೆ.

ಬ್ಯಾಟರಿ ಬೆಂಗಳೂರಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಮಾತ್ರ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಕಾರಿನ ನ್ಯಾಯ ತೀರ್ಮಾನವಾಗುವುದೇ ಅಲ್ಲಿ. ಬಳಸಲು ಸಿಗುವ ಸಾಮರ್ಥ್ಯ 18.6 ಯೂನಿಟ್. ಯುರೋಪಿನ ಡಬ್ಲ್ಯುಎಲ್‌ಟಿಪಿ ಪರೀಕ್ಷೆಯಲ್ಲಿ ಬರೀ ವಿದ್ಯುತ್ತಿನಲ್ಲಿ 61ರಿಂದ 67 ಕಿಮೀ. ಎಸಿ ಹಾಕಿಕೊಂಡು, ಸಿಗ್ನಲ್ ಸಿಗ್ನಲ್‌ಗೂ ನಿಂತು ಹೊರಡುವ ನಮ್ಮ ಓಡಾಟದಲ್ಲಿ 50 ಎಂದು ಇಟ್ಟುಕೊಳ್ಳುವುದು ಸುರಕ್ಷಿತ. ವೈಟ್‌ಫೀಲ್ಡ್‌ನಿಂದ ಕೋರಮಂಗಲಕ್ಕೆ ಹೋಗಿ ಬರುವುದು, ಜಯನಗರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಬರುವುದು ಅದರೊಳಗೇ ಮುಗಿಯುತ್ತದೆ. ವಿದ್ಯುತ್ತಿನಲ್ಲೇ 140 ಕಿಮೀ ವೇಗದವರೆಗೆ ಓಡಬಲ್ಲದು, ಹಾಗಾಗಿ ಹೆಬ್ಬಾಳದ ಆಚೆ ವಿಮಾನ ನಿಲ್ದಾಣದ ರಸ್ತೆಯಲ್ಲೂ ಎಂಜಿನ್ ಎಬ್ಬಿಸುವ ಅಗತ್ಯ ಬೀಳುವುದಿಲ್ಲ. ಆದರೆ ಬರೀ 197 ಪಿಎಸ್ ಎರಡೂವರೆ ಟನ್ ಎಳೆಯುವಾಗ ಟನ್‌ಗೆ 80 ಪಿಎಸ್ ಬಿದ್ದಂತಾಯಿತು. ಅದು ಹೆಚ್ಚುಕಡಿಮೆ ಮಾರುತಿ ಸ್ವಿಫ್ಟ್‌ನ ಅನುಪಾತ. ಪೇಟೆಗೆ ಧಾರಾಳವಾಗಿ ಸಾಕು. ಪೆಡಲ್ ಪೂರ್ತಿ ತುಳಿದರೆ ವಿ8 ತಾನಾಗಿ ಎಚ್ಚೆತ್ತು ಸೇರಿಕೊಳ್ಳುತ್ತದೆ.

ಸಿಲ್ಕ್ ಬೋರ್ಡ್‌ನಲ್ಲೋ ಹೊರವರ್ತುಲ ರಸ್ತೆಯಲ್ಲೋ ಮುಕ್ಕಾಲು ಗಂಟೆ ತೆವಳುವಾಗ ಬರೀ ಪೆಟ್ರೋಲ್ ವಿ8 ಏನಾಗುತ್ತದೆ ನೋಡಿ. ಎಂಜಿನ್ ಸುಮ್ಮನೆ ಸುಡುತ್ತದೆ, ರೇಡಿಯೇಟರ್ ಫ್ಯಾನ್ ನಿಲ್ಲದೆ ಕೂಗುತ್ತದೆ, ಬಾನೆಟ್ ಕೆಳಗಿನ ರಬ್ಬರು ಮತ್ತು ಪ್ಲಾಸ್ಟಿಕ್ ಪೈಪುಗಳು ಕಾದು ಕಾದು ಬೇಗ ಒಣಗುತ್ತವೆ. ಎಂಜಿನ್ ಆರಿಸಿದರೆ ಎಸಿ ನಿಲ್ಲುತ್ತದೆ. ಎಂ5ರಲ್ಲಿ ಎಸಿ ಕಂಪ್ರೆಸರ್ ಓಡುವುದು ಹೈ ವೋಲ್ಟೇಜ್ ಬ್ಯಾಟರಿಯಿಂದ. ಎಂಜಿನ್ ತಣ್ಣಗಿದ್ದರೂ ಒಳಗೆ ತಂಪು. ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರನ್ನು ಮೊಬೈಲ್‌ನಿಂದಲೇ ಮೊದಲೇ ತಂಪು ಮಾಡಿಟ್ಟುಕೊಳ್ಳಬಹುದು. ಬ್ರೇಕ್ ಒತ್ತಿದಾಗಲೆಲ್ಲ ಮೋಟಾರ್ ಜನರೇಟರ್ ಆಗಿ ತಿರುಗಿ ಚಾರ್ಜ್ ವಾಪಸ್ ತುಂಬುವುದರಿಂದ ಬ್ರೇಕ್ ಪ್ಯಾಡ್ ಸವೆಯುವುದೂ ಕಡಿಮೆ. ಹಗುರ ಕಾರು ಬೇಕು ಎಂದು ಹಂಬಲಿಸುವವರು ದಿನದ ಓಡಾಟ ಎಲ್ಲಿ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆ ಬ್ಯಾಟರಿಯ ಭಾರ ಇಲ್ಲಿ ದಿನಾ ತನ್ನ ಬಾಡಿಗೆ ಕಟ್ಟುತ್ತದೆ.

ಚಾರ್ಜಿಂಗ್‌ನಲ್ಲಿ ತಿಳಿದಿರಬೇಕಾದ ಮೊದಲ ವಿಷಯ: ಇದಕ್ಕೆ ಡಿಸಿ ಫಾಸ್ಟ್ ಚಾರ್ಜಿಂಗ್ ಇಲ್ಲ. ಮಾಲ್‌ಗಳಲ್ಲಿ, ಹೆದ್ದಾರಿ ಹೋಟೆಲ್‌ಗಳಲ್ಲಿ ಇರುವ 60 ಕಿಲೋವ್ಯಾಟ್ ಯಂತ್ರಗಳು ಇದಕ್ಕೆ ಉಪಯೋಗವಿಲ್ಲ. ಟೈಪ್ 2 ಎಂಬ ಪ್ಲಗ್ಗಿನ ಎಸಿ (ಮನೆಗೆ ಬರುವಂಥ ಪರ್ಯಾಯ ವಿದ್ಯುತ್) ಪಾಯಿಂಟ್ ಮಾತ್ರ. ಅಂದರೆ ಮನೆಯಲ್ಲೇ ವ್ಯವಸ್ಥೆ ಆಗಬೇಕು. 7.4 ಕಿಲೋವ್ಯಾಟ್‌ನ ಗೋಡೆ ಚಾರ್ಜರ್ ಹಾಕಿಸಿದರೆ ಖಾಲಿಯಿಂದ ಪೂರ್ತಿಗೆ ಮೂರು ಗಂಟೆ ಚಿಲ್ಲರೆ. ಸಾಮಾನ್ಯ 16 ಆಂಪಿಯರ್ ಪ್ಲಗ್ಗಿನಲ್ಲಿ ಆರೇಳು ಗಂಟೆ, ರಾತ್ರಿ ಹಾಕಿ ಮಲಗಿದರೆ ಬೆಳಗ್ಗೆ ಸಿದ್ಧ. ನಷ್ಟ ಸೇರಿ 21–22 ಯೂನಿಟ್ ಎಳೆಯುತ್ತದೆ ಎಂದುಕೊಂಡು, ಯೂನಿಟ್‌ಗೆ ಆರೂವರೆ ರೂಪಾಯಿ ಹಾಕಿದರೆ ಒಂದು ತುಂಬಿಗೆ 140 ರೂಪಾಯಿ ಸುಮಾರು.

ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ಗಳಲ್ಲಿ ಕೈಕೊಡುವುದು ಬಹುತೇಕ ಅರ್ಥಿಂಗ್. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಹೆಚ್ಚಿದ್ದರೆ ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಡುತ್ತದೆ. ಜನ ಕಾರು ಕೆಟ್ಟಿತು ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಒಣಗಿದ ಅರ್ಥ್ ಪಿಟ್. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನ್ಯೂಟ್ರಲ್–ಅರ್ಥ್ ನಡುವೆ ಎರಡು ಮೂರು ವೋಲ್ಟ್‌ಗಿಂತ ಹೆಚ್ಚು ಕಂಡರೆ ಮೊದಲು ಅದನ್ನು ಸರಿಪಡಿಸಬೇಕು. ನಿಮ್ಮದೇ ಮೀಟರ್‌ನಿಂದ ಬೇಸ್‌ಮೆಂಟ್‌ಗೆ ಪ್ರತ್ಯೇಕ ಲೈನ್, ಅದಕ್ಕೊಂದು ಎಂಸಿಬಿ (ಹೆಚ್ಚು ವಿದ್ಯುತ್ ಹರಿದರೆ ತಾನೇ ಆರುವ ಸ್ವಿಚ್ಚು), ಸೋರಿಕೆ ಹಿಡಿಯುವ ಆರ್‌ಸಿಸಿಬಿ, 6 ಚದರ ಮಿಮೀ ತಾಮ್ರದ ಕೇಬಲ್: 7.4 ಕಿಲೋವ್ಯಾಟ್‌ಗೆ ಇವು ಕನಿಷ್ಠ. ಕೇಬಲ್ ದೂರ ಹೆಚ್ಚಿದ್ದರೆ 10 ಚದರ ಮಿಮೀಗೆ ಹೋಗಿ. ಮನೆಯ ಮಂಜೂರಾದ ಲೋಡ್ ಸಾಲದಿದ್ದರೆ ಬೆಸ್ಕಾಂಗೆ ಅರ್ಜಿ ಹಾಕಿ ಏರಿಸಿಕೊಳ್ಳಿ. ಅಸೋಸಿಯೇಷನ್ ಒಪ್ಪಿಗೆ ಪತ್ರವನ್ನು ಕಾರು ಬುಕ್ ಮಾಡುವ ಮೊದಲೇ ತೆಗೆದುಕೊಳ್ಳಿ, ನಂತರ ಅಲ್ಲ. ಚಾರ್ಜ್ ಮಾಡಲು ಜಾಗವಿಲ್ಲದವರು ಈ ಕಾರನ್ನು ತೆಗೆದುಕೊಳ್ಳಲೇಬಾರದು. ಬ್ಯಾಟರಿ ಬರಿದಾದ ಮೇಲೆ ಅದೇ ಭಾರವನ್ನು ವಿ8 ಒಂದೇ ಎಳೆಯಬೇಕು. ನೂರು ಕಿಮೀಗೆ ಎರಡು ಲೀಟರ್ ಎಂದು ಕಾಗದದ ಮೇಲೆ ಕಾಣುವ ಮೈಲೇಜ್‌ಗೆ ಅಲ್ಲಿ ಅರ್ಥವೇ ಇರುವುದಿಲ್ಲ.

ಪೆಟ್ರೋಲ್ ಟ್ಯಾಂಕ್ 60 ಲೀಟರ್. ಇಷ್ಟು ದೊಡ್ಡ ಗಾಡಿಗೆ ಇದು ಸಣ್ಣದಾಯಿತು. ಹೆದ್ದಾರಿಯಲ್ಲಿ ಲೀಟರ್‌ಗೆ 8 ಕಿಮೀ ಹಿಡಿದರೂ 480. ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರು ಮುಟ್ಟಲು ಸಾಕು, ವಾಪಸ್ ಬರಲು ಸಾಲದು. ಎಂ ಎಂಜಿನ್‌ಗಳಿಗೆ ಕಂಪನಿ ಹೇಳುವುದು 98 ಆಕ್ಟೇನ್. ನಗರದಲ್ಲಿ ಎಕ್ಸ್‌ಪಿ100 (ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್) ಸಿಗುವ ಬಂಕ್ ಗುರುತಿಟ್ಟುಕೊಳ್ಳಿ, ಎಕ್ಸ್‌ಪಿ95 ಎರಡನೇ ಆಯ್ಕೆ. ಕಡಿಮೆ ಆಕ್ಟೇನ್ ಹಾಕಿದರೆ ಎಂಜಿನ್ ಹಾಳಾಗದಂತೆ ನಾಕ್ ಸೆನ್ಸರ್ (ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಸುಡುವುದನ್ನು ಗುರುತಿಸುವ ಸಾಧನ) ಕಿಡಿ ಹಚ್ಚುವ ಹೊತ್ತನ್ನು ತಡಮಾಡಿಸುತ್ತದೆ, ಆದರೆ ದುಡ್ಡು ಕೊಟ್ಟ ಶಕ್ತಿ ಅಷ್ಟರಮಟ್ಟಿಗೆ ಸಿಗುವುದಿಲ್ಲ. ಬಂಕ್‌ನಲ್ಲಿ ಇನ್ನೊಂದು ವಿಚಾರ: ಪ್ಲಗ್-ಇನ್ ಹೈಬ್ರಿಡ್‌ಗಳ ಟ್ಯಾಂಕ್ ಒತ್ತಡದಲ್ಲಿ ಮುಚ್ಚಿರುತ್ತದೆ. ಒಳಗಿನ ಬಟನ್ ಒತ್ತಿ, ಒತ್ತಡ ಇಳಿಯುವ ತನಕ ಕಾದರೆ ಮುಚ್ಚಳ ತೆರೆಯುತ್ತದೆ. ಬಂಕ್ ಹುಡುಗರು ಅವಸರಪಟ್ಟು ಮುಚ್ಚಳವನ್ನು ಮೀಟಲು ಬಿಡಬೇಡಿ.

ಆಕಾರಕ್ಕೆ ಬರೋಣ. ಉದ್ದ 5,096 ಮಿಮೀ, ಅಗಲ 1,970, ಎತ್ತರ 1,516, ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 3,006. ಮಾಮೂಲಿ 5 ಸರಣಿಗಿಂತ ಮುಂದಿನ ಮೈ 75 ಮಿಮೀ, ಹಿಂದಿನ ಮೈ 48 ಮಿಮೀ ಅಗಲ. ಅಗಲವಾದ ಚಕ್ರಗಳನ್ನು ಒಳಗೆ ಕೂರಿಸಲು ಮಡ್‌ಗಾರ್ಡ್ ತಗಡನ್ನೇ ಬೇರೆ ಒತ್ತಿದ್ದಾರೆ, ಮೇಲೆ ಪ್ಲಾಸ್ಟಿಕ್ ಅಂಟಿಸಿ ಅಗಲ ಮಾಡಿದ್ದಲ್ಲ. ಹಿಂದಿನ ಬಾಗಿಲಿನಿಂದ ಹಿಂಚಕ್ರದ ಮೇಲೆ ಉಬ್ಬಿಕೊಂಡು ದೀಪದ ಕಡೆಗೆ ಇಳಿಯುವ ಆ ಭುಜ ಈ ಕಾರಿನ ಅತ್ಯಂತ ಚೆಂದದ ಜಾಗ. ಪಕ್ಕದಿಂದ ನೋಡಿದರೆ ಸೆಡಾನ್‌ಗಿಂತ ಟೂರಿಂಗ್ ಸಮತೂಕವಾಗಿ ಕಾಣುತ್ತದೆ, ಉದ್ದದ ಬಾನೆಟ್ಟಿಗೆ ಹಿಂದೆ ಸರಿಸಮ ದೇಹ ಸಿಕ್ಕಿದೆ. ಮುಂಭಾಗ ಅಷ್ಟು ಮೆಚ್ಚುವಂತಿಲ್ಲ. ಬಂಪರ್‌ನಲ್ಲಿ ಗಾಳಿಯ ಬಾಯಿಗಳು ಹೆಚ್ಚಾದವು, ಗ್ರಿಲ್ ಸುತ್ತ ಬೆಳಗುವ ಗೆರೆ ಈ ದರ್ಜೆಗೆ ಬೇಕಿರಲಿಲ್ಲ.

ಐದು ಮೀಟರ್ ಗೆರೆ ಎಳೆದ ಪಾರ್ಕಿಂಗ್‌ನಲ್ಲಿ ಕಾರಿನ ಮೂತಿ ಹತ್ತು ಸೆಂಟಿಮೀಟರ್ ಹೊರಗೇ ಇರುತ್ತದೆ. ಒಂದರ ಮೇಲೊಂದು ಕಾರು ಎತ್ತಿಡುವ ಯಾಂತ್ರಿಕ ಪಾರ್ಕಿಂಗ್ ಇರುವ ಕಟ್ಟಡಗಳಲ್ಲಿ ಆ ಯಂತ್ರದ ಮೇಲೆ ಅಂಟಿಸಿರುವ ತೂಕದ ಫಲಕ ಓದಿ. ಎರಡು ಟನ್ ಎಂದು ಬರೆದಿದ್ದರೆ ಇದನ್ನು ಅದರ ಮೇಲೆ ಹತ್ತಿಸುವಂತಿಲ್ಲ. ಹಿಂದಿನ ಚಕ್ರಗಳೂ ಒಂದೂವರೆ ಡಿಗ್ರಿ ತಿರುಗುವುದರಿಂದ ಕಿರಿದಾದ ತಿರುವಿನಲ್ಲಿ ಉದ್ದ ಸ್ವಲ್ಪ ಮರೆಯಾಗುತ್ತದೆ. ಅಗಲ ಮಾತ್ರ ಎಲ್ಲಿಗೂ ಹೋಗುವುದಿಲ್ಲ. ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ, ಬಸವನಗುಡಿಯಲ್ಲಿ ಎರಡೂ ಬದಿ ಗಾಡಿ ನಿಂತಿರುವಾಗ ಎದುರಿನಿಂದ ಆಟೊ ಬಂದರೆ ಒಬ್ಬರು ಹಿಂದೆ ಸರಿಯಲೇಬೇಕು.

ಬೆಂಗಳೂರಿನ ದೊಡ್ಡ ಪ್ರಶ್ನೆ ಹಂಪ್. ನೆಲದಿಂದ ಕಾರಿನ ಹೊಟ್ಟೆ ಎಷ್ಟು ಎತ್ತರ ಎಂಬ ಒಂದೇ ಅಂಕಿ ನೋಡಿ ಜನ ತೀರ್ಮಾನಿಸುತ್ತಾರೆ, ಅದು ಅರ್ಧ ಉತ್ತರ ಮಾತ್ರ. ಇನ್ನರ್ಧ ವೀಲ್‌ಬೇಸ್‌ನಲ್ಲಿದೆ. ರಸ್ತೆಗಳ ಮಾನದಂಡ ನಿಗದಿ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 17 ಮೀಟರ್ ತ್ರಿಜ್ಯದ ಬಿಲ್ಲು. ಆ ಅಗಲ ವೀಲ್‌ಬೇಸ್‌ಗಿಂತ ಹೆಚ್ಚು. ಮುಂದಿನ ಚಕ್ರ ಇಳಿಯುವ ಹೊತ್ತಿಗೆ ಹಿಂದಿನದೂ ಅದೇ ಬಿಲ್ಲಿನ ಮೇಲೆ ಹತ್ತಿರುತ್ತದೆ, ಕಾರು ಪೂರ್ತಿ ಮೇಲೇಳುತ್ತದೆ. ನಡು ಹೊಟ್ಟೆಯ ಕೆಳಗೆ ಹಂಪ್ ಕಬಳಿಸುವುದು 66 ಮಿಮೀ ಮಾತ್ರ. ಅದನ್ನು ಎಂ5 ಸಲೀಸಾಗಿ ದಾಟುತ್ತದೆ. ಆದರೆ ಬಡಾವಣೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಲ್ಲುವ ಹಂಪ್ ಎರಡಡಿ ಅಗಲ, ಅರ್ಧ ಅಡಿ ಎತ್ತರ. ಅಲ್ಲಿ ಮುಂದಿನ ಚಕ್ರ ಇಳಿದಿರುತ್ತದೆ, ಹಿಂದಿನದು ಇನ್ನೂ ಹತ್ತಿರುವುದಿಲ್ಲ, ಮೂರು ಮೀಟರ್ ಉದ್ದದ ಹೊಟ್ಟೆ ಅಷ್ಟೂ ಎತ್ತರವನ್ನು ಒಬ್ಬಂಟಿಯಾಗಿ ದಾಟಬೇಕು. ಬ್ಯಾಟರಿ ಇರುವುದು ಅದೇ ಹೊಟ್ಟೆಯಲ್ಲಿ. ನೇರವಾಗಿ ಹತ್ತಿಸದೆ ಓರೆಯಾಗಿ, ಒಂದು ಮುಂಚಕ್ರ ಮೊದಲು ಇನ್ನೊಂದು ನಂತರ ಹತ್ತುವಂತೆ ನಡೆಸಿದರೆ ಕೆಲವು ಸೆಂಟಿಮೀಟರ್ ಉಳಿಯುತ್ತದೆ. ನಾಲ್ಕು ಜನ ಕೂತು ಡಿಕ್ಕಿ ತುಂಬಿದಾಗ ಅದೂ ಸಾಲದೆ ಹೋಗಬಹುದು.

ಬೇಸ್‌ಮೆಂಟ್ ಇಳಿಜಾರಿಗೂ ಇದೇ ಲೆಕ್ಕ. ಎಂಟಕ್ಕೆ ಒಂದು (ಎಂಟು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಇಳಿಯುವ) ಇಳಿಜಾರು, ಮೇಲಿನ ಅಂಚನ್ನು ದುಂಡು ಮಾಡದೆ ಚೂಪಾಗಿ ಬಿಟ್ಟಿದ್ದರೆ ಆ ಅಂಚು 93 ಮಿಮೀ ಕಬಳಿಸುತ್ತದೆ. ಎಂಟರ ಬದಲು ಆರಕ್ಕೆ ಒಂದಿದ್ದರೆ 120 ದಾಟುತ್ತದೆ. ಖರೀದಿಗೆ ಮುಂಚೆ ನಿಮ್ಮ ಕಟ್ಟಡದ ಅಂಚಿನಲ್ಲಿ ಮೂರು ಮೀಟರ್ ಉದ್ದದ ನೇರ ಪಟ್ಟಿಯೊಂದರ ನಡುಭಾಗವನ್ನು ತಾಗಿಸಿ, ಎರಡೂ ತುದಿ ನೆಲದಿಂದ ಸಮನಾಗಿ ಎತ್ತಿ ಹಿಡಿದು, ತುದಿಗೂ ನೆಲಕ್ಕೂ ನಡುವಿನ ಅಂತರ ಅಳೆದು ನೋಡಿ, ಐದು ನಿಮಿಷದ ಕೆಲಸ. ಸಸ್ಪೆನ್ಷನ್‌ನಲ್ಲಿ ಇರುವುದು ಉಕ್ಕಿನ ಸ್ಪ್ರಿಂಗ್, ಗಾಳಿ ಚೀಲವಲ್ಲ. ಬಟನ್ ಒತ್ತಿ ಕಾರನ್ನು ಎತ್ತರಿಸುವ ಸೌಲಭ್ಯ ಇಲ್ಲ. ಎರಡು ಕೋಟಿಯ ಸಮೀಪದ ಕಾರಿನಲ್ಲಿ ಮುಂಭಾಗ ಎತ್ತುವ ವ್ಯವಸ್ಥೆ ಕೊಡದಿರುವುದು, ನಮ್ಮಂಥ ಊರಿನ ಮಟ್ಟಿಗೆ, ಈ ಕಾರಿನ ದೊಡ್ಡ ಕೊರತೆ.

ಸಸ್ಪೆನ್ಷನ್ ಸ್ವಭಾವದಲ್ಲಿ ಬಿಗಿ. ಅಷ್ಟು ತೂಕ ತಿರುವಿನಲ್ಲಿ ವಾಲದಂತೆ ಹಿಡಿಯಬೇಕಾದರೆ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಕಂಫರ್ಟ್ ಎಂಬ ಮೆತ್ತನೆಯ ಹೊಂದಾಣಿಕೆಯಲ್ಲಿಟ್ಟರೆ ಕಾಂಕ್ರೀಟ್ ಹಾಕಿದ ರಸ್ತೆಯಲ್ಲಿ ಹಿತ. ಡಾಂಬರು ಕಿತ್ತ ತೇಪೆ ರಸ್ತೆಯಲ್ಲಿ ಪ್ರತಿ ತೇಪೆಯೂ ಬೆನ್ನಿಗೆ ಗೊತ್ತಾಗುತ್ತದೆ. ಸ್ಪೋರ್ಟ್ ಪ್ಲಸ್ ಎಂಬ ಗಟ್ಟಿ ಹೊಂದಾಣಿಕೆಯನ್ನು ನಗರದಲ್ಲಿ ಮುಟ್ಟಬೇಡಿ. ತಿರುವಿನಲ್ಲಿ ಕಾರು ಆಶ್ಚರ್ಯ ಹುಟ್ಟಿಸುವಷ್ಟು ಚುರುಕು, ಏಕೆಂದರೆ ಬ್ಯಾಟರಿಯ ಭಾರ ನೆಲಕ್ಕೆ ಹತ್ತಿರ ಇದೆ, ಹಿಂಚಕ್ರ ತಿರುಗುತ್ತದೆ, ಹಿಂದಿನ ಡಿಫರೆನ್ಷಿಯಲ್ ಎಂಬ ಗೇರುಗಳ ಜೋಡಣೆ ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುತ್ತದೆ. ಆದರೆ ಭೌತಶಾಸ್ತ್ರ ಸುಳ್ಳು ಹೇಳುವುದಿಲ್ಲ. ನಂದಿ ಬೆಟ್ಟದ ತಿರುವುಗಳಲ್ಲಿ ಇಳಿಯುವಾಗ ಭಾರ ಮುಂದೆ ತಳ್ಳುವುದು ತಿಳಿಯುತ್ತದೆ. ಬ್ರೇಕ್ ಮುಂದೆ 410 ಮಿಮೀ ಡಿಸ್ಕ್, ಆರು ಪಿಸ್ಟನ್, ಹಿಂದೆ 398 ಮಿಮೀ. ರಸ್ತೆಗೆ ಇದು ಬೇಕಾದಷ್ಟಾಯಿತು. ಹೆಚ್ಚು ಬಿಸಿ ತಾಳುವ ಕಾರ್ಬನ್ ಸೆರಾಮಿಕ್ ಡಿಸ್ಕ್ ಬೇಕಾಗುವುದು ಚೆನ್ನೈ ಬಳಿಯ ಶ್ರೀಪೆರಂಬದೂರಿನ ರೇಸ್ ಟ್ರ್ಯಾಕ್‌ಗೆ ಕೊಂಡೊಯ್ಯುವವರಿಗೆ ಮಾತ್ರ, ಅಲ್ಲೂ ಈ ತೂಕ ಟೈರನ್ನು ಬೇಗ ತಿಂದುಹಾಕುತ್ತದೆ. ವಿದ್ಯುತ್ತಿನಲ್ಲೇ ಹೆಚ್ಚು ಓಡಿಸುವವರು ಮಳೆಗಾಲದಲ್ಲಿ ಒಂದು ಅಭ್ಯಾಸ ಇಟ್ಟುಕೊಳ್ಳಿ: ಡಿಸ್ಕ್ ಬಳಕೆ ಕಡಿಮೆಯಾಗಿ ತುಕ್ಕಿನ ಪದರ ಕೂರುತ್ತದೆ, ಖಾಲಿ ರಸ್ತೆಯಲ್ಲಿ ವಾರಕ್ಕೆ ಮೂರ್ನಾಲ್ಕು ಬಾರಿ ಬ್ರೇಕನ್ನು ಬಲವಾಗಿ ಒತ್ತಿ ಒರೆಸಿಬಿಡಿ.

ಟೈರ್‌ಗಳು ಮುಂದೆ 285/40 ಆರ್20, ಹಿಂದೆ 295/35 ಆರ್21: ಮೊದಲ ಅಂಕಿ ಮಿಮೀಯಲ್ಲಿ ಅಗಲ, ಎರಡನೆಯದು ಆ ಅಗಲದ ಶೇಕಡಾವಾರು ಗೋಡೆಯ ಎತ್ತರ, ಕೊನೆಯದು ಇಂಚಿನಲ್ಲಿ ರಿಮ್ಮಿನ ವ್ಯಾಸ. ರಬ್ಬರಿನ ಗೋಡೆ ಮುಂದೆ 114 ಮಿಮೀ, ಹಿಂದೆ 103. ಎತ್ತರ ಕಡಿಮೆ, ತೂಕ ಹೆಚ್ಚು. ಮಳೆನೀರು ತುಂಬಿ ಆಳ ಕಾಣದ ಗುಂಡಿಗೆ 60ರ ವೇಗದಲ್ಲಿ ಬಿದ್ದರೆ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ರಬ್ಬರು ಸಿಕ್ಕಿ ಒಳಗಿನ ನೂಲು ಹರಿಯುತ್ತದೆ. ಮಾರನೇ ದಿನ ಗೋಡೆಯ ಮೇಲೆ ನಿಂಬೆಹಣ್ಣಿನ ಗಾತ್ರದ ಉಬ್ಬು. ಅದಕ್ಕೆ ಪಂಕ್ಚರ್ ಅಂಗಡಿಯಲ್ಲಿ ಮದ್ದಿಲ್ಲ, ಟೈರ್ ಬದಲಿಸಬೇಕು. ಸ್ಟೆಪ್ನಿ ಕೊಡುವುದಿಲ್ಲ, ಇರುವುದು ಅಂಟು ಮತ್ತು ಗಾಳಿ ಪಂಪು. ಮೊಳೆ ಚುಚ್ಚಿದರೆ ಅದು ಸಾಕು, ಗೋಡೆ ಸೀಳಿದರೆ ಟೋಯಿಂಗ್ ಗಾಡಿಯೇ ಗತಿ, ಅದೂ ನಾಲ್ಕೂ ಚಕ್ರ ಎತ್ತುವ ಫ್ಲಾಟ್‌ಬೆಡ್. ಎರಡು ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆಯಲು ಬಿಟ್ಟರೆ ನಾಲ್ಕು ಚಕ್ರ ಚಾಲನೆಯ ಗೇರುಗಳು ಹಾಳಾಗುತ್ತವೆ.

ಅಳತೆ ಬೇರೆ ಬೇರೆ ಆದ್ದರಿಂದ ಮುಂದಿನ ಟೈರ್ ಹಿಂದಕ್ಕೆ ಹಾಕುವಂತಿಲ್ಲ. ಆದರೂ ಒಟ್ಟು ವ್ಯಾಸ ಮುಂದೆ 736, ಹಿಂದೆ 740 ಮಿಮೀ, ಬಹುತೇಕ ಸಮ. ನಾಲ್ಕೂ ಚಕ್ರ ಒಟ್ಟಿಗೆ ಎಳೆಯಬೇಕಾದರೆ ಆ ಸಮತೆ ಬೇಕೇ ಬೇಕು. ಒಂದೇ ಟೈರ್ ಹೊಸದು ಹಾಕಿ ಜೋಡಿಯದನ್ನು ಹಳೆಯದೇ ಬಿಟ್ಟರೆ, ಸವೆತದಲ್ಲಿ 4 ಮಿಮೀ ವ್ಯತ್ಯಾಸವಿದ್ದರೂ ವ್ಯಾಸದಲ್ಲಿ 8 ಮಿಮೀ ಬರುತ್ತದೆ. ಡಿಫರೆನ್ಷಿಯಲ್ ನೇರ ರಸ್ತೆಯಲ್ಲೂ ತಿರುವಿನಲ್ಲಿರುವಂತೆ ದುಡಿಯುತ್ತದೆ, ಎಣ್ಣೆ ಕಾಯುತ್ತದೆ. ಬದಲಿಸುವುದಾದರೆ ಜೋಡಿಯಾಗಿ ಬದಲಿಸಿ. ಗಾಳಿಯನ್ನು ಚಾಲಕನ ಬಾಗಿಲ ಕಂಬದ ಮೇಲಿನ ಚೀಟಿಯಂತೆ, ಟೈರ್ ತಣ್ಣಗಿರುವಾಗ ತುಂಬಿ. ಪೂರ್ತಿ ಸಾಮಾನಿನ ಅಂಕಿ ಅದೇ ಚೀಟಿಯಲ್ಲಿ ಪ್ರತ್ಯೇಕ ಇರುತ್ತದೆ. ‘ಮೆತ್ತಗಿರಲಿ’ ಎಂದು ಗಾಳಿ ಇಳಿಸುವ ನಮ್ಮೂರ ಅಭ್ಯಾಸ ಇಲ್ಲಿ ರಿಮ್ಮು ಬಾಗಿಸುತ್ತದೆ.

ಈಗ ಡಿಕ್ಕಿ. ಸೀಟು ನೆಟ್ಟಗಿರುವಾಗ 500 ಲೀಟರ್, ಮಡಚಿದರೆ 1,630. ಮಾಮೂಲಿ 5 ಸರಣಿ ಟೂರಿಂಗ್‌ನಲ್ಲಿ 570 ಮತ್ತು 1,700 ಇತ್ತು, ಹೈಬ್ರಿಡ್ ಸರಂಜಾಮಿಗೆ 70 ಲೀಟರ್ ಹೋಯಿತು. ಕಳೆದದ್ದು ನಿಜ, ಆದರೆ ಉಳಿದದ್ದರ ಆಕಾರ ಚೆನ್ನಾಗಿದೆ: ನೆಲ ಸಪಾಟು, ಹೊಸಿಲು ತಗ್ಗು, ಬಾಯಿ ಅಗಲ. ಊರಿಂದ ಬರುವ ಅಕ್ಕಿ ಮೂಟೆಯನ್ನೋ ತೆಂಗಿನಕಾಯಿ ಚೀಲವನ್ನೋ ಎದೆಯವರೆಗೆ ಎತ್ತದೆ ತೊಡೆಯ ಮಟ್ಟದಲ್ಲೇ ಒಳಗೆ ಜಾರಿಸಬಹುದು. ಎಸ್‌ಯುವಿಯಲ್ಲಿ ಈ ಸುಖ ಇಲ್ಲ. ಹಿಂದಿನ ಸೀಟು 40:20:40 ಆಗಿ ಮಡಚುತ್ತದೆ. ನಡುವಿನದನ್ನು ಮಾತ್ರ ಮಲಗಿಸಿದರೆ ಇಬ್ಬರು ಆರಾಮಾಗಿ ಕೂತು ನಡುವೆ ಉದ್ದನೆಯ ಏಣಿಯನ್ನೋ ತಂಬೂರಿಯನ್ನೋ ಇಡಬಹುದು.

ಗಮನಿಸಬೇಕಾದ ಎರಡು ಸಂಗತಿ ಇವೆ. ಬೇಸ್‌ಮೆಂಟ್‌ಗಳಲ್ಲಿ ಚಾವಣಿಯಡಿ ನೀರಿನ ಪೈಪು, ಬೆಂಕಿ ಆರಿಸುವ ಪೈಪು ತಗ್ಗಿನಲ್ಲಿ ಹೋಗಿರುತ್ತವೆ. ವಿದ್ಯುತ್ತಿನಿಂದ ತೆರೆಯುವ ಬಾಗಿಲು ತುದಿಯ ತನಕ ಎದ್ದರೆ ನೇರ ಹೋಗಿ ಬಡಿಯುತ್ತದೆ, ಬಣ್ಣ ಕಿತ್ತು ಬರುತ್ತದೆ. ಪರದೆಯ ಮೆನುವಿನಲ್ಲಿ ಬಾಗಿಲು ಎಷ್ಟು ಎತ್ತರಕ್ಕೆ ಏಳಬೇಕು ಎಂದು ನಿಗದಿ ಮಾಡುವ ಜಾಗವಿದೆ, ಕಾರು ಮನೆಗೆ ಬಂದ ದಿನವೇ ಅದನ್ನು ಸರಿಮಾಡಿ. ಹಳೆಯ 5 ಸರಣಿ ಟೂರಿಂಗ್‌ಗಳಲ್ಲಿ ಹಿಂದಿನ ಗಾಜು ಮಾತ್ರ ಪ್ರತ್ಯೇಕವಾಗಿ ತೆರೆಯುತ್ತಿತ್ತು. ಇಕ್ಕಟ್ಟಿನ ಜಾಗದಲ್ಲಿ, ಬಾಗಿಲು ಎತ್ತದೆ ಒಂದು ಚೀಲ ಒಳಗೆ ಹಾಕಲು ಅದು ಅಷ್ಟು ಅನುಕೂಲವಾಗಿತ್ತು. ಈ ಪೀಳಿಗೆಯಲ್ಲಿ ಅದನ್ನು ತೆಗೆದುಹಾಕಿದ್ದಾರೆ, ತುಂಬಾ ಬೇಸರದ ಸಂಗತಿ.

ಎರಡನೆಯದು, ವ್ಯಾಗನ್‌ನಲ್ಲಿ ಡಿಕ್ಕಿಗೂ ಕೂರುವ ಜಾಗಕ್ಕೂ ನಡುವೆ ಗೋಡೆ ಇಲ್ಲ. ಹಲಸಿನ ಹಣ್ಣು ಇಟ್ಟರೆ ತುಮಕೂರಿನಿಂದ ಬೆಂಗಳೂರಿನ ತನಕ ಅದರ ಪರಿಮಳ ಜೊತೆಗೇ ಬರುತ್ತದೆ. ಅದಕ್ಕಿಂತ ಮುಖ್ಯವಾಗಿ, ಇಷ್ಟು ಬಲವಾದ ಬ್ರೇಕ್ ಇರುವ ಕಾರಿನಲ್ಲಿ ಕಟ್ಟದೆ ಬಿಟ್ಟ ಸಾಮಾನು ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮುಂದಕ್ಕೆ ಹಾರಿ ಕೂತವರ ತಲೆಗೆ ಬಡಿಯುತ್ತದೆ. ಭಾರದ್ದನ್ನು ಸೀಟಿನ ಬೆನ್ನಿಗೆ ತಾಗಿಸಿ ಕೆಳಗೆ ಇಡಿ, ನೆಲದ ಕೊಂಡಿಗಳಿಗೆ ಪಟ್ಟಿ ಬಿಗಿಯಿರಿ, ಸೀಟಿನ ಎತ್ತರ ಮೀರಿ ತುಂಬಿದರೆ ತಡೆಬಲೆ ಎಳೆಯಿರಿ.

ಒಳಾಂಗಣದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 12.3 ಮತ್ತು 14.9 ಇಂಚಿನ ಪರದೆಗಳು ಬಾಗಿದ ಒಂದೇ ಗಾಜಿನಡಿ. ಸ್ಟಿಯರಿಂಗ್ ಮೇಲಿನ ಎಂ1, ಎಂ2 ಎಂಬ ಕೆಂಪು ಗುಂಡಿಗಳು ನಿಜಕ್ಕೂ ಉಪಯುಕ್ತ: ಒಂದಕ್ಕೆ ವಿದ್ಯುತ್ ಮತ್ತು ಮೆತ್ತನೆಯ ಸಸ್ಪೆನ್ಷನ್‌ನ ಪೇಟೆ ಹೊಂದಾಣಿಕೆ, ಇನ್ನೊಂದಕ್ಕೆ ಘಾಟಿ ಹೊಂದಾಣಿಕೆ ಉಳಿಸಿಟ್ಟರೆ ಮೆನುವಿನಲ್ಲಿ ತಡಕಾಡುವುದು ತಪ್ಪುತ್ತದೆ. ಎಸಿಯ ಹತೋಟಿಯನ್ನು ಪರದೆಯೊಳಗೆ ಸೇರಿಸಿದ್ದು ಸರಿಯಲ್ಲ, ಓಡಿಸುವಾಗ ಕಣ್ಣು ರಸ್ತೆ ಬಿಡುತ್ತದೆ. ವಿ8 ಧ್ವನಿ ತಗ್ಗಿದೆ. ಹೊಗೆ ನಿಯಮದ ಫಿಲ್ಟರು ಅದರ ಗಂಟಲು ಕಟ್ಟಿದೆ.

ಎಂ5 ಹೆಸರಿನ ವ್ಯಾಗನ್ ಇದು ಮೂರನೆಯದು. ಮೊದಲನೆಯದು 1992ರಿಂದ 1995, ಆರು ಸಿಲಿಂಡರ್, 891 ಕಾರುಗಳಷ್ಟೇ. ಎರಡನೆಯದು 2007ರಿಂದ 2010, ವಿ10, 507 ಪಿಎಸ್, 1,025 ಕಾರು. ನಮ್ಮಲ್ಲಿ ವ್ಯಾಗನ್ ಎಂದರೆ ಟಾಟಾ ಎಸ್ಟೇಟ್, ಬಲೆನೊ ಆಲ್ಟುರಾ, ಇಂಡಿಗೊ ಮರೀನಾ, ಆಕ್ಟೇವಿಯಾ ಕಾಂಬಿ. ಒಂದೊಂದೂ ಒಳ್ಳೆಯ ಗಾಡಿ, ಒಂದೊಂದೂ ಮಾರಾಟವಾಗದೆ ನಿಂತಿತು. ಆ ಅನುಭವದ ಹೆದರಿಕೆಯೋ ಏನೋ, 2024ರ ನವೆಂಬರ್‌ನಲ್ಲಿ ಭಾರತಕ್ಕೆ ಬಂದದ್ದು ಎಂ5 ಸೆಡಾನ್ ಮಾತ್ರ, 1.99 ಕೋಟಿ ಎಕ್ಸ್-ಶೋರೂಂ ಬೆಲೆಗೆ. ಟೂರಿಂಗ್ ಬಲಗಡೆ ಸ್ಟಿಯರಿಂಗ್‌ನಲ್ಲಿ ಬ್ರಿಟನ್ನಿಗೆ ತಯಾರಾಗುತ್ತಿದೆ. ಸೆಡಾನ್ ಕೂಡ ಪೂರ್ತಿ ತಯಾರಾಗಿಯೇ ಹಡಗಿನಲ್ಲಿ ಬರುವುದರಿಂದ ಟೂರಿಂಗ್ ತರಿಸಲು ಇಲ್ಲಿ ಹೊಸ ಕಾರ್ಖಾನೆ ಬೇಕಿಲ್ಲ. ತರಿಸಬೇಕು ಎಂಬುದೇ ನಮ್ಮ ಒತ್ತಾಯ. ಖಾಸಗಿಯಾಗಿ ಆಮದು ಮಾಡಿಕೊಳ್ಳುವವರಿಗೆ ಬಲಗಡೆ ಸ್ಟಿಯರಿಂಗ್, ತಯಾರಾದ ದೇಶದಿಂದಲೇ ಸಾಗಣೆ, ನಿಗದಿತ ಬಂದರು ಎಂಬ ನಿಯಮಗಳಿವೆ, ಸುಂಕವೂ ಭಾರಿ.

ತೆರಿಗೆಯ ಲೆಕ್ಕವನ್ನು ಸೆಡಾನ್ ಬೆಲೆಯ ಮೇಲೇ ನೋಡಿ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಅದರ ಮೇಲೆ ಸೆಸ್. ಎರಡೂ ಸೇರಿ ಶೇ 20 ಹತ್ತಿರ. 1.99 ಕೋಟಿಗೆ 40 ಲಕ್ಷದ ಆಸುಪಾಸು. ಪ್ಲಗ್ ಇದೆ ಎಂಬ ಕಾರಣಕ್ಕೆ ವಿದ್ಯುತ್ ಕಾರಿನ ರಿಯಾಯಿತಿ ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಮೆ ಮಾಡಿಸುವಾಗ ಟೈರ್ ಮತ್ತು ರಿಮ್ಮಿನ ರಕ್ಷಣೆ, ಎಂಜಿನ್‌ಗೆ ನೀರು ಹೊಕ್ಕರೆ ಸಿಗುವ ರಕ್ಷಣೆ ಎರಡನ್ನೂ ಸೇರಿಸಿಕೊಳ್ಳಿ. ಬ್ಯಾಟರಿಗೆ ನೀರು ತಾಗದಂತೆ ಮುಚ್ಚಿರುತ್ತಾರೆ, ವಿ8 ಉಸಿರೆಳೆಯುವ ಬಾಯಿಗೆ ಆ ರಕ್ಷಣೆ ಇಲ್ಲ. ಅಂಡರ್‌ಪಾಸ್‌ನಲ್ಲಿ ನೀರು ಚಕ್ರದ ನಡುಮಟ್ಟ ಮುಟ್ಟಿದ್ದರೆ ಇಳಿಸಲೇಬೇಡಿ.

ಆಯ್ಕೆ ಪಟ್ಟಿಯಲ್ಲಿ ಕಾರ್ಬನ್ ಸೆರಾಮಿಕ್ ಬ್ರೇಕ್, ಡ್ರೈವರ್ಸ್ ಪ್ಯಾಕೇಜ್ ಎರಡನ್ನೂ ಬಿಟ್ಟು ಆ ಹಣದ ಸಣ್ಣ ಭಾಗವನ್ನು ಟೈರಿಗೆ ತೆಗೆದಿಡಿ. ಹಿಂದಿನ 295/35 ಆರ್21 ಅಳತೆ ಕೇಳಿದ ದಿನವೇ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ತರಿಸುವ ತನಕ ಕಾರು ಜಾಕಿನ ಮೇಲೆ ನಿಂತಿರುತ್ತದೆ. ಹಿಂದಿನದೊಂದು ಜೋಡಿಯನ್ನು ತಯಾರಾದ ವಾರದ ಅಂಕಿ ನೋಡಿ ಕೊಂಡು, ಬಿಸಿಲು ತಾಗದ ಕಡೆ ನಿಲ್ಲಿಸಿ ಇಡಿ. ಮೂರು ತಿಂಗಳಿಗೊಮ್ಮೆ ಸ್ವಲ್ಪ ಉರುಳಿಸಿ ನೆಲಕ್ಕೆ ತಾಗುವ ಜಾಗ ಬದಲಿಸಿ.